ಟಗರನ್ನು ಮಂದೆಗೆ ಬಿಡುವ ಕಾಲ

ಮಾನ್ಯರೇ,

ಹಗಲು ಕಿರಿದಾಗುವ ತಿಂಗಳುಗಳಲ್ಲಿ ಮಾತ್ರ ಕುರಿಗಳು ಬೆದೆಗೆ ಬರುತ್ತವೆ ಎಂದು ತಮ್ಮ ಕೃಷಿ ಪುಟದಲ್ಲಿ ಈಚೆಗೆ ಬಂದ ಮಾತು ಬ್ರಿಟನ್ನಿನಂಥ ತಂಪು ದೇಶದ ತಳಿಗಳಿಗೆ ಒಪ್ಪುತ್ತದೆಯೇ ಹೊರತು ನಮ್ಮವಕ್ಕಲ್ಲ. ಅಲ್ಲಿ ಇರುಳು ದೀರ್ಘವಾದಂತೆ ಮೆದುಳಿನ ಪೀನಿಯಲ್ ಗ್ರಂಥಿಯಿಂದ ಮೆಲಟೋನಿನ್ ಎಂಬ ಹಾರ್ಮೋನು ಹೆಚ್ಚು ಹೊತ್ತು ಸ್ರವಿಸುತ್ತದೆ, ಅದರ ಸುಳಿವಿನಿಂದ ಅಂಡಾಶಯ ಚುರುಕಾಗುತ್ತದೆ. ಹಗಲಿರುಳುಗಳ ಅಳತೆ ಅಷ್ಟಾಗಿ ಏರುಪೇರಾಗದ ನಮ್ಮಲ್ಲಿ, ಮೇವು ಸಿಕ್ಕಿ ಮೈ ತುಂಬಿಕೊಂಡ ದಖನಿ ಕುರಿ ಯಾವ ತಿಂಗಳಲ್ಲಾದರೂ ಗಬ್ಬವಾದೀತು. ಶಿರಸಿ ಸೀಮೆಯ ಸಾಕಣೆದಾರರಿಗೆ ತೊಡಕಾಗಿರುವುದೇ ಇದು.

ಸುಗ್ಗಿ ಮುಗಿದ ಗದ್ದೆಗಳಲ್ಲಿ ಮಂದೆ ತರುಬಲು ಹಾವೇರಿ ಕಡೆಯಿಂದ ಬನವಾಸಿಗೆ ಬರುವ ಕುರುಬರಿಂದ ನಾನು ಇಪ್ಪತ್ತೆರಡು ಕುರಿಗಳನ್ನು ಕೊಂಡಿದ್ದೆ. ಟಗರು ವರ್ಷವಿಡೀ ಮಂದೆಯಲ್ಲೇ ಇದ್ದುದರಿಂದ ಮೊದಲ ವರ್ಷ ಒಂಬತ್ತು ಮರಿಗಳು ಆಷಾಢದ ಜಡಿಮಳೆಯಲ್ಲೇ ಹುಟ್ಟಿದವು. ಕೊಟ್ಟಿಗೆಯ ಹಸಿ ನೆಲದಲ್ಲಿ ಮೈ ಒಣಗದೆ ಆರು ಸತ್ತವು. ತಪ್ಪು ನನ್ನದೇ. ಕುರಿಯ ಗರ್ಭದ ಅವಧಿ ಸುಮಾರು 150 ದಿನ. ಹಾಗಾಗಿ ಹೊಸ ವರ್ಷದ ಹೊತ್ತಿಗೆ ಬೇರ್ಪಡಿಸಿದ ಟಗರನ್ನು ಏಪ್ರಿಲ್ ಮಧ್ಯದ ತನಕ ಮಂದೆಗೆ ಸೇರಿಸದಿದ್ದರೆ ಜೂನ್‌ನಿಂದ ಸೆಪ್ಟೆಂಬರ್ ಮೊದಲ ಭಾಗದವರೆಗೆ ಕುರಿ ಈಯುವ ಪ್ರಮೇಯವೇ ಇರುವುದಿಲ್ಲ.

ಬೇರ್ಪಡಿಸುವುದೆಂದರೆ ನಡುವೆ ಬೇಲಿ ಹಾಕುವುದಲ್ಲ. ಟಗರಿನ ವಾಸನೆಯೂ ಹೆಣ್ಣುಗಳಿಗೆ ತಾಗದಷ್ಟು ದೂರವಿಡಬೇಕು. ಒಂದು ತಿಂಗಳಿಗಿಂತ ಹೆಚ್ಚು ಕಾಲ ಹೀಗಿಟ್ಟು ಒಮ್ಮೆಲೇ ಒಳಗೆ ಬಿಟ್ಟಾಗ, ಬೆದೆಗೆ ಬರುವುದು ನಿಂತುಹೋಗಿದ್ದ ಹೆಣ್ಣುಗಳಲ್ಲಿ ಅಂಡ ಬಿಡಿಸುವ ಎಲ್‌ಎಚ್ ಹಾರ್ಮೋನು ಏರಿ ಎರಡು ಮೂರು ದಿನಗಳಲ್ಲೇ ಅಂಡ ಬಿಡುಗಡೆಯಾಗುತ್ತದೆ. ಈ ಮೊದಲ ಸಲ ಸಾಮಾನ್ಯವಾಗಿ ಬೆದೆಯ ಲಕ್ಷಣ ಕಾಣುವುದಿಲ್ಲ. ಟಗರು ಕೈಲಾಗದ್ದೆಂದು ನಾನು ಅದನ್ನು ಮಾರಲು ಹೊರಟಿದ್ದು ಆಗಲೇ. ಮೂರು ವಾರ ಕಾದರೆ ಹೆಣ್ಣುಗಳು ಹೆಚ್ಚುಕಡಿಮೆ ಒಟ್ಟಿಗೆ ಬೆದೆಗೆ ಬರುತ್ತವೆ.

ಹಸುವಿನ ಹಾಗೆ ಕುರಿ ಕೂಗಿ ರಂಪ ಮಾಡುವುದಿಲ್ಲ, ಟಗರಿನ ಬಳಿ ನಿಂತು ಬಾಲ ಅಲ್ಲಾಡಿಸುತ್ತದೆ, ಅಷ್ಟೆ. ಬೆದೆ ಇರುವುದು 24ರಿಂದ 36 ಗಂಟೆ, ಅಂಡ ಬಿಡುಗಡೆಯಾಗುವುದು ಅದರ ಕೊನೆಯ ಹೊತ್ತಿಗೆ, ಬಂದ ಅಂಡ ಒಂದು ದಿನಕ್ಕಿಂತ ಹೆಚ್ಚು ಬಾಳುವುದಿಲ್ಲ. ಟಗರನ್ನು ಬಿಡುವ ಎರಡು ಮೂರು ವಾರ ಮೊದಲೇ ಹೆಣ್ಣುಗಳಿಗೆ ದಿನಕ್ಕೆ ಕಾಲು ಕಿಲೋದಷ್ಟು ನುಚ್ಚು ಮೆಕ್ಕೆಜೋಳ ಕೊಟ್ಟರೆ, ಬೇಸಗೆಯಲ್ಲಿ ಬಡಕಲಾದವುಗಳಲ್ಲೂ ಅಂಡ ಬಲಿಯುತ್ತದೆ. ಆದರೆ ಕಾಳು ತಿನ್ನಿಸಿ ಎಲ್ಲಕ್ಕೂ ಅವಳಿ ಪಡೆಯಬಹುದೆಂಬ ಭರವಸೆಯನ್ನು ನಾನು ನಂಬಲಾರೆ. ಬಂಗಾಳದ ಗರೋಲ್ ಕುರಿ ಅವಳಿ ಹಾಕುವುದು ಫೆಕ್‌ಬಿ ಎಂಬ ಜೀನಿನಿಂದ. ಮಹಾರಾಷ್ಟ್ರದ ಫಲಟಣದ ನಿಂಬಕರ್ ಸಂಸ್ಥೆಯವರು ಅದನ್ನು ದಖನಿ ತಳಿಗೆ ತಂದದ್ದು ಸಂಕರದಿಂದ, ಮೇವಿನಿಂದಲ್ಲ.

ಈಗ ನಾನು ಟಗರಿನ ಎದೆಗೆ ಎಣ್ಣೆಯಲ್ಲಿ ಕಲಸಿದ ಕೆಮ್ಮಣ್ಣು ಬಳಿಯುತ್ತೇನೆ. ಬೆಳಿಗ್ಗೆ ಯಾವ ಹೆಣ್ಣಿನ ಬೆನ್ನಿನ ಹಿಂಭಾಗ ಕೆಂಪಾಗಿದೆಯೋ ಅದರ ತಾರೀಕು ಕೊಟ್ಟಿಗೆಯ ಕ್ಯಾಲೆಂಡರಿನಲ್ಲಿ ದಾಖಲಾಗುತ್ತದೆ. ಬೆದೆಯ ಚಕ್ರ ಸುಮಾರು 17 ದಿನದ್ದಾದ್ದರಿಂದ ಅಷ್ಟು ದಿನ ಕಳೆದ ಮೇಲೆ ಮಣ್ಣಿನ ಬಣ್ಣ ಬದಲಿಸುತ್ತೇನೆ. ಹೊಸ ಬಣ್ಣ ಅದೇ ಹೆಣ್ಣಿಗೆ ಅಂಟಿದರೆ ಗಬ್ಬ ನಿಂತಿಲ್ಲವೆಂದು ಲೆಕ್ಕ. ಕಳೆದ ಸಲ ಹಾಗೆ ಮತ್ತೆ ಬಣ್ಣ ಹತ್ತಿಸಿಕೊಂಡವು ನಾಲ್ಕೇ.

— ಕುರಿ ಸಾಕಣೆದಾರ, ಬನವಾಸಿ, ಶಿರಸಿ ತಾಲ್ಲೂಕು