ಆ ಇಪ್ಪತ್ತೆರಡು ಗಜದ ಮೇಲೆ ಶಾಮಿಯಾನ ಬೇಡ: ಕ್ರೀಡಾ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಯುವ ಸಬಲೀಕರಣ ಮತ್ತು ಕ್ರೀಡಾ ಸಚಿವರಿಗೆ,

ನಮಸ್ಕಾರ.

2025ರ ನವೆಂಬರ್ 2ರಂದು ಹರ್ಮನ್‌ಪ್ರೀತ್ ಕೌರ್ ತಂಡ ವಿಶ್ವಕಪ್ ಗೆದ್ದ ಮೇಲೆ ಹೆಣ್ಣುಮಕ್ಕಳ ಕ್ರಿಕೆಟ್ ಬಗ್ಗೆ ಎಲ್ಲರೂ ಮಾತಾಡುತ್ತಿದ್ದಾರೆ. ಸಂತೋಷ. ನಾವು ಮಾತ್ರ ಅದಕ್ಕೂ 49 ವರ್ಷ ಹಿಂದಿನಿಂದ ಶುರುಮಾಡುತ್ತೇವೆ. ಕೇಳುವುದು ದೊಡ್ಡದೇನಲ್ಲ, ಜಿಲ್ಲಾ ಕ್ರೀಡಾಂಗಣದ ನಡುವಿನ ಒಂದು ತುಂಡು ನೆಲ, ಇಪ್ಪತ್ತೆರಡು ಗಜದ ಪಿಚ್.

1976ರ ಅಕ್ಟೋಬರ್ 31ರಂದು ಭಾರತದ ಮಹಿಳೆಯರ ಮೊಟ್ಟಮೊದಲ ಟೆಸ್ಟ್ ಶುರುವಾದದ್ದು ಬೆಂಗಳೂರಿನಲ್ಲಿ, ವೆಸ್ಟ್ ಇಂಡೀಸ್ ವಿರುದ್ಧ. ನಾಯಕಿ ನಮ್ಮದೇ ಊರಿನ ಶಾಂತಾ ರಂಗಸ್ವಾಮಿ, ವಯಸ್ಸು 22. ಬ್ಯಾಟಿಂಗ್ ಜೊತೆಗೆ ಮಧ್ಯಮ ವೇಗದ ಬೌಲಿಂಗ್ ಕೂಡ. ಆರು ಟೆಸ್ಟ್‌ಗಳ ಆ ಸರಣಿಯಲ್ಲಿ ಭಾರತಕ್ಕೆ ಪಟ್ನಾದಲ್ಲಿ ಮೊದಲ ಗೆಲುವು ಸಿಕ್ಕಿತು, ಜಮ್ಮುವಿನಲ್ಲಿ ಸೋಲಾಗಿ 1-1ಕ್ಕೆ ಮುಗಿಯಿತು. 1977ರ ಜನವರಿಯಲ್ಲಿ ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ ಶಾಂತಾ ಹೊಡೆದ 108, ಭಾರತದ ಮಹಿಳೆಯೊಬ್ಬರ ಮೊದಲ ಟೆಸ್ಟ್ ಶತಕ. ಅದೇ ತಿಂಗಳು ಪರ್ತ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಇನ್ನೊಂದು ಟೆಸ್ಟ್. ಲೆಕ್ಕ ಹಾಕಿ: ಮೂರು ತಿಂಗಳಲ್ಲಿ ಎಂಟು ಟೆಸ್ಟ್, ಎಂಟಕ್ಕೂ ಅವರೇ ನಾಯಕಿ. ವೃತ್ತಿಜೀವನದಲ್ಲಿ ಒಟ್ಟು 16 ಟೆಸ್ಟ್, 750 ರನ್, 21 ವಿಕೆಟ್. 1976ರ ಅರ್ಜುನ ಪ್ರಶಸ್ತಿ ಅವರಿಗೆ ಬಂತು. ಬಿಸಿಸಿಐ ಜೀವಮಾನ ಸಾಧನೆಗೆ ಗೌರವಿಸಿದ್ದು 2017ರಲ್ಲಿ!

ಈಗ ಮಿಥಾಲಿ ರಾಜ್ ಅವರನ್ನು ನೋಡಿ. 232 ಏಕದಿನ ಪಂದ್ಯ, 7,805 ರನ್, ಎರಡು ವಿಶ್ವಕಪ್ ಫೈನಲ್‌ಗಳಲ್ಲಿ ನಾಯಕತ್ವ. 2002ರಲ್ಲಿ ಟಾಂಟನ್‌ನಲ್ಲಿ ಇಂಗ್ಲೆಂಡ್ ವಿರುದ್ಧ 214 ಹೊಡೆದವರು. ಆದರೂ 2002ರಿಂದ 2021ರವರೆಗೆ ಅವರಿಗೆ ಸಿಕ್ಕಿದ್ದು 12 ಟೆಸ್ಟ್. 2014ರ ನವೆಂಬರ್‌ನಲ್ಲಿ ಮೈಸೂರಿನ ಗಂಗೋತ್ರಿ ಗ್ಲೇಡ್ಸ್‌ನಲ್ಲಿ ಅವರ ತಂಡ ದಕ್ಷಿಣ ಆಫ್ರಿಕಾವನ್ನು ಇನಿಂಗ್ಸ್ ಅಂತರದಿಂದ ಸೋಲಿಸಿತು. ಮುಂದಿನ ಟೆಸ್ಟ್ ಆಡಿದ್ದು 2021ರ ಜೂನ್‌ನಲ್ಲಿ, ಬ್ರಿಸ್ಟಲ್‌ನಲ್ಲಿ. ಗೆದ್ದ ತಂಡಕ್ಕೆ ಆರೂವರೆ ವರ್ಷ ರಜೆ!

ಟೆಸ್ಟ್ ಸರಣಿ ನಿಗದಿ ಮಾಡುವುದು ನಿಮ್ಮ ಕೈಯಲ್ಲಿಲ್ಲ, ಗೊತ್ತು. ಆದರೆ ನಾಯಕಿಯೊಬ್ಬಳು ತಯಾರಾಗುವುದು ದಿನಗಟ್ಟಲೆ ಆಡಿದಾಗ. ಟಿ20ಯಲ್ಲಿ ಬೌಲರ್‌ಗೆ ನಾಲ್ಕೇ ಓವರ್, ಯಾರು ಯಾವಾಗ ಎಂಬುದನ್ನು ಹಿಂದಿನ ರಾತ್ರಿಯೇ ಚೀಟಿಯಲ್ಲಿ ಬರೆದಿಡಬಹುದು. ಎರಡು ದಿನದ ಪಂದ್ಯದಲ್ಲಿ ಆ ಚೀಟಿ ಊಟದ ಹೊತ್ತಿಗೇ ಕಸ. ದಣಿದ ವೇಗದ ಬೌಲರ್‌ಗೆ ಇನ್ನೊಂದು ಸ್ಪೆಲ್ ಕೊಡುವುದೋ, ಬ್ಯಾಟಿಂಗ್ ಸಾಕೆಂದು ಯಾವಾಗ ಡಿಕ್ಲೇರ್ ಮಾಡುವುದು, ಎದುರಾಳಿ ನೂರು ರನ್ ಹಿಂದೆ ಬಿದ್ದಾಗ ಫಾಲೋಆನ್ ಹೇರಿ ಕೂಡಲೇ ಮತ್ತೆ ಬ್ಯಾಟಿಂಗ್ ಮಾಡಿಸುವುದೋ ಬೇಡವೋ, ಇವೆಲ್ಲ ಅಲ್ಲೇ ನಿಂತು ತೀರ್ಮಾನಿಸಬೇಕಾದವು. ರಾಜ್ಯ ಕ್ರಿಕೆಟ್ ಸಂಸ್ಥೆಯ ಮಹಿಳಾ ಟೂರ್ನಿ ಮಹಾರಾಣಿ ಟ್ರೋಫಿ ಬಂದದ್ದು ಒಳ್ಳೆಯದೇ. ಆದರೆ ಅದೂ ಟಿ20.

ಬ್ಯಾಟಿಂಗ್ ವಿಷಯ ಇನ್ನೂ ಸೂಕ್ಷ್ಮ. ಕಾಂಕ್ರೀಟ್ ಮೇಲೆ ಹಾಸಿದ ಮ್ಯಾಟ್‌ನಲ್ಲಿ ಚೆಂಡು ಎತ್ತರಕ್ಕೆ, ಒಂದೇ ಸಮನಾಗಿ ಪುಟಿಯುತ್ತದೆ. ಹುಡುಗಿ ಹಿಂಗಾಲಿಗೆ ಸರಿದು ಅಡ್ಡಬ್ಯಾಟ್ ಬೀಸುವುದನ್ನು ರೂಢಿಸಿಕೊಳ್ಳುತ್ತಾಳೆ, ಅಲ್ಲಿ ಅದರಿಂದ ರನ್ನೂ ಬರುತ್ತದೆ. ಅದೇ ಹುಡುಗಿ ರಾಜ್ಯ ಆಯ್ಕೆಗೆ ಬಂದು ಟರ್ಫ್ ಮೇಲೆ, ಅಂದರೆ ಹದಗೊಳಿಸಿದ ಮಣ್ಣಿನ ಪಿಚ್ ಮೇಲೆ ನಿಂತರೆ ಚೆಂಡು ಮೊಣಕಾಲಿನ ಕೆಳಗೇ ಉಳಿಯುತ್ತದೆ. ಎಲ್‌ಬಿಡಬ್ಲ್ಯು, ಇಲ್ಲವೇ ಬೌಲ್ಡ್. ಆಯ್ಕೆದಾರರು 'ತಂತ್ರ ಸರಿಯಿಲ್ಲ' ಎಂದು ಬರೆದುಕೊಳ್ಳುತ್ತಾರೆ. ಸರಿಯಿಲ್ಲದ್ದು ನೆಲ. ವಿಜಯಪುರದಿಂದ ರಾಜೇಶ್ವರಿ ಗಾಯಕ್ವಾಡ್, ಕಡೂರಿನಿಂದ ವೇದಾ ಕೃಷ್ಣಮೂರ್ತಿ ಬಂದರು. ಹಾಗೆ ಬರುವವರಿಗೆ ತಮ್ಮ ಜಿಲ್ಲೆಯಲ್ಲೇ ಟರ್ಫ್ ಸಿಗಬೇಕು.

ಇರುವ ಟರ್ಫ್ ಹಾಳಾಗುವುದು ಹೇಗೆ? ಆಗಸ್ಟ್ 15, ನವೆಂಬರ್ 1, ಜನವರಿ 26. ಪಥಸಂಚಲನಕ್ಕೆಂದು ಶಾಮಿಯಾನದ ಕಂಬಕ್ಕೆ ಅಡಿ ಆಳದ ಗುಂಡಿ ತೋಡುತ್ತಾರೆ, ಕುರ್ಚಿ ತುಂಬಿದ ಲಾರಿ ಒದ್ದೆ ನೆಲದ ಮೇಲೇ ಬರುತ್ತದೆ. ಆಮೇಲೆ ಗುಂಡಿಗೆ ಸಡಿಲ ಮಣ್ಣು ತುಂಬುತ್ತಾರೆ. ಚೆಂಡು ಅಲ್ಲಿ ಬಿದ್ದರೆ ಪುಟಿಯುವುದೇ ಇಲ್ಲ, ಟೈರಿನ ಜಾಡಿನ ಅಂಚಿಗೆ ಬಡಿದರೆ ಗದ್ದಕ್ಕೆ ಬರುತ್ತದೆ.

ಇನ್ನು ರೋಲರ್. ಹಲವೆಡೆ ಹಿಂದಿನ ಸಂಜೆ ನೀರು ಬಿಟ್ಟು ಬೆಳಿಗ್ಗೆ ರೋಲರ್ ಎಳೆದುಬಿಡುತ್ತಾರೆ. ಆ ನೀರು ಕೆಳಗೆ ಇಳಿದಿರುವುದೇ ಇಲ್ಲ. ಪಂದ್ಯಕ್ಕೆ ವಾರ, ಹತ್ತು ದಿನ ಮೊದಲೇ ಆಳಕ್ಕೆ ಇಳಿಯುವಂತೆ ನೀರುಣಿಸಬೇಕು. ಹೆಬ್ಬೆರಳು ಒತ್ತಿದರೆ ಗುರುತು ಬೀಳಬೇಕು, ಮಣ್ಣು ಬೆರಳಿಗೆ ಅಂಟಬಾರದು. ರೋಲರ್‌ಗೆ ಅದೇ ಹದ. ಹಸಿ ಹೆಚ್ಚಿದ್ದರೆ ಮಣ್ಣು ರೋಲರ್‌ಗೆ ಮೆತ್ತಿ ಪದರವೇ ಕಿತ್ತುಬರುತ್ತದೆ. ಒಣಗಿದ ಮೇಲೆ ಎಳೆದರೆ ಮೇಲೆ ಗಟ್ಟಿ, ಒಳಗೆ ಪೊಳ್ಳು, ಮಧ್ಯಾಹ್ನದ ಹೊತ್ತಿಗೆ ಹಪ್ಪಳ. ಮೊದಲು ಹಗುರ ರೋಲರ್, ನಂತರ ಭಾರದ್ದು, ದಿನವೂ ಸ್ವಲ್ಪ ಸ್ವಲ್ಪ. ಇದಕ್ಕೆ ಬೇಕಾದ್ದು ಹೊಸ ಯಂತ್ರವಲ್ಲ, ಈ ಹದ ಬಲ್ಲ ಒಬ್ಬ ಕಾಯಂ ಸಿಬ್ಬಂದಿ.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು. ಜಿಲ್ಲೆಗೊಂದರಂತೆ ಮೂರು ಪಿಚ್ ಇರುವ ಒಂದು ಟರ್ಫ್ ಅಂಕಣ, ಸುತ್ತ ಬಿಚ್ಚಿಡಬಹುದಾದ ಬೇಲಿ. ವಾರದಲ್ಲಿ ಮೂರು ದಿನ ಬೆಳಿಗ್ಗೆ 6ರಿಂದ 9 ಹುಡುಗಿಯರಿಗೇ. ಹುಡುಗರ ಶಿಬಿರ ಮುಗಿದು ಬಿಸಿಲೇರಿದ ಮೇಲೆ ಉಳಿಯುವ ನೆಟ್ ಅಲ್ಲ. ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ತಿಂಗಳಿಗೆ ಒಂದು ವಾರಾಂತ್ಯ ಎರಡು ದಿನದ ಪಂದ್ಯಕ್ಕೆ ಮೈದಾನ ಬಾಡಿಗೆಯಿಲ್ಲದೆ ಸಿಗಲಿ. ದಿನಕ್ಕೆ 80 ಓವರ್ ಆಡಲು ಆರು ಗಂಟೆಯಾದರೂ ಬೇಕು, ಹಾಗಾಗಿ ಮೈದಾನದ ಪಕ್ಕದಲ್ಲೇ ನೀರು ಬರುವ, ಒಳಗಿನಿಂದ ಚಿಲಕ ಬೀಳುವ ಶೌಚಾಲಯ ಇರಲಿ. ಎಷ್ಟೋ ಹುಡುಗಿಯರು ನೀರು ಕುಡಿಯದೆ ಆಡಿ ಮಧ್ಯಾಹ್ನಕ್ಕೆ ಸ್ನಾಯು ಹಿಡಿದು ಹೊರಬರುವುದು ಇದೇ ಕಾರಣಕ್ಕೆ.

ಚೆಂಡಿನ ಮಾತು ಚಿಕ್ಕದು, ಆದರೂ ಹೇಳಬೇಕು. ಮಹಿಳೆಯರ ಚೆಂಡಿನ ತೂಕ 140ರಿಂದ 151 ಗ್ರಾಂ, ಪುರುಷರದ್ದು 156ರಿಂದ 163. ಇಲಾಖೆಯ ಕಿಟ್ ಖರೀದಿ ಆದೇಶದಲ್ಲಿ ಬರೀ 'ಕ್ರಿಕೆಟ್ ಚೆಂಡು' ಎಂದಿದ್ದರೆ ಬರುವುದು ದೊಡ್ಡ ಚೆಂಡೇ. ಚಿಕ್ಕ ಕೈಯ ಸ್ಪಿನ್ನರ್‌ಗೆ ಅದರ ಮೇಲೆ ಬೆರಳು ಸರಿಯಾಗಿ ಕೂರುವುದಿಲ್ಲ. ಆದೇಶದಲ್ಲಿ ಗ್ರಾಂ ನಮೂದಿಸಿ.

ಟೂರ್ನಿ ನಡೆಸುವುದು ಕ್ರಿಕೆಟ್ ಸಂಸ್ಥೆಯ ಕೆಲಸ. ಮೈದಾನ ನಿಮ್ಮ ಇಲಾಖೆಯದು. ಬೇಲಿ, ಸಿಬ್ಬಂದಿ, ಶೌಚಾಲಯಕ್ಕೆ ಬಜೆಟ್ ಬೇಕು, ಕಾಯುತ್ತೇವೆ. ಮುಂದಿನ ಪಥಸಂಚಲನದ ನಕ್ಷೆ ಬರೆಯುವಾಗ ಪಿಚ್ ಇರುವ ಜಾಗವನ್ನು ಮೊದಲು ಗುರುತಿಸಿ ಬಿಟ್ಟುಬಿಡಿ ಎಂದು ಜಿಲ್ಲಾಧಿಕಾರಿಗಳಿಗೆ ಪತ್ರ ಬರೆಯಲು ಮಾತ್ರ ಬಜೆಟ್ ಬೇಕಿಲ್ಲ. ಅದನ್ನು ಈ ವಾರವೇ ಕಳಿಸಬಹುದು.

ಇಂತಿ,
ಹುಡುಗಿಯರ ಕ್ರಿಕೆಟ್ ತರಬೇತುದಾರರು, ಸ್ಕೋರರ್‌ಗಳು ಮತ್ತು ಪಿಚ್ ಕೆಲಸದವರು