ಮಗಳಿಗೊಂದು ಪತ್ರ: ಸೊಂಟದ ಮೇಲಿನ ಹಚ್ಚೆ

ಪುಟ್ಟೀ,

ಮೊನ್ನೆ ಫೋನಿನಲ್ಲಿ ನೀನು "ಅಮ್ಮಾ, ಸೊಂಟದ ಮೇಲೆ ಟ್ಯಾಟೂ ಹಾಕಿಸ್ಕೋತೀನಿ" ಅಂದಾಗ ನಾನು ಸುಮ್ಮನಾಗಿಬಿಟ್ಟೆ. ಅಮ್ಮನಿಗೆ ಸಿಟ್ಟು ಬಂತು ಅಂದುಕೊಂಡು ನೀನು ಬೇರೆ ಮಾತು ತೆಗೆದೆ. ಸಿಟ್ಟಲ್ಲ ಕಣೇ. ಇಷ್ಟು ದಿನ ನಿನಗೆ ಹೇಳದ ಒಂದು ಮಾತು ಗಂಟಲಲ್ಲಿ ನಿಂತಿತ್ತು. ನನ್ನ ಎಡಸೊಂಟದ ಮೇಲೆ ಒಂದು ಮಲ್ಲಿಗೆ ಬಳ್ಳಿ ಇದೆ. ನಿನ್ನ ಅಜ್ಜಿ ತೀರಿಕೊಂಡ ವರ್ಷ ಬೆಂಗಳೂರಿನಲ್ಲಿ ಹಾಕಿಸಿಕೊಂಡಿದ್ದು. ಸೀರೆಯೊಳಗೆ ಯಾರಿಗೂ ಕಾಣಲಿಲ್ಲ, ನಾನೂ ಹೇಳಲಿಲ್ಲ.

ಅಜ್ಜಿಯ ಮುಂಗೈ ಮೇಲೆ ಹಸಿರು ಹಚ್ಚೆ ಇತ್ತಲ್ವಾ? ಚಿಕ್ಕವಳಿದ್ದಾಗ ನೀನು ಅದನ್ನು ಬೆರಳಿನಿಂದ ಸವರುತ್ತಾ ಕೂರುತ್ತಿದ್ದೆ. ಅವರಿಗೆ ಒಂಬತ್ತು ವರ್ಷ ಇದ್ದಾಗ ಊರಿಗೆ ಬಂದ ಕೊರವಂಜಿ ಹಾಕಿದ್ದಂತೆ. ಮೂರು ನಾಲ್ಕು ಸೂಜಿ ಸೇರಿಸಿ ದಾರ ಸುತ್ತಿ, ದೀಪದ ಕಾಡಿಗೆಗೆ ಸೊಪ್ಪಿನ ರಸ ಬೆರೆಸಿ, ನೋವು ಮರೆಸೋಕೆ ಹಾಡು ಹೇಳುತ್ತಾ ಚುಚ್ಚಿದಳಂತೆ. ಕೈ ಅಲುಗದ ಹಾಗೆ ಇಬ್ಬರು ಹಿಡಿದುಕೊಂಡಿದ್ದರಂತೆ. "ಸತ್ತಾಗ ಜೊತೆಗೆ ಬರೋದು ಇದೊಂದೇ" ಅನ್ನುತ್ತಿದ್ದರು. ಆದರೆ ಬೇಕಾ ಬೇಡವಾ ಅಂತ ಅವರನ್ನು ಯಾರೂ ಕೇಳಿರಲಿಲ್ಲ. ನೀನು ನಿನ್ನಷ್ಟಕ್ಕೆ ಬೇಕು ಅಂತಿದ್ದೀಯ. ಹಾಗಾಗಿ ನನಗೆ ಗೊತ್ತಿರೋದನ್ನೆಲ್ಲ ಹೇಳಿಬಿಡುತ್ತೇನೆ.

ಮೊದಲು ನೋವಿನ ಮಾತು. ಸೊಂಟದ ಮುಂದೆ ಕೈ ಇಟ್ಟು ನೋಡು, ಎಲುಬಿನ ಏಣು ಸಿಗುತ್ತದೆ. ಅಲ್ಲಿ ಚರ್ಮದ ಕೆಳಗೆ ಮಾಂಸ ಕಮ್ಮಿ. ಸೂಜಿ ಇಳಿಯೋದು ಒಂದೆರಡು ಮಿಲಿಮೀಟರ್ ಅಷ್ಟೇ, ಆದರೂ ಮೆಷಿನ್ ಆ ಏಣಿನ ಮೇಲೆ ಬಂದಾಗ ಎಲುಬೇ ಗುಂಯ್ ಅಂದ ಹಾಗಾಗುತ್ತದೆ. ನಾನು ಹಲ್ಲು ಕಚ್ಚಿ ಹಿಡಿದಿದ್ದೆ. ಪಕ್ಕಕ್ಕೆ, ಮಾಂಸ ಇರುವ ಕಡೆಗೆ ಸರಿದಾಗ ಬರೀ ಉರಿ. ತಡೆದುಕೊಳ್ಳಬಹುದು. ಖಾಲಿ ಹೊಟ್ಟೆಯಲ್ಲಿ ಮಾತ್ರ ಹೋಗಬೇಡ, ತಲೆ ಸುತ್ತುತ್ತದೆ. ಚಿತ್ರದ ಅಚ್ಚನ್ನು ನೀನು ನಿಂತಿರುವಾಗಲೇ ಒತ್ತಿಸಿಕೋ. ಮಲಗಿದಾಗ ಸೊಂಟದ ಚರ್ಮ ಒಂದು ಕಡೆ ಎಳೆದುಕೊಂಡು, ಎದ್ದ ಮೇಲೆ ಬಳ್ಳಿ ಓರೆಯಾಗಿ ಕಾಣುತ್ತದೆ.

ಸೂಜಿಯ ಪ್ಯಾಕೆಟ್ಟನ್ನು ನಿನ್ನ ಕಣ್ಣೆದುರೇ ಒಡೆಯಬೇಕು. ಶಾಯಿಯನ್ನು ಹೊಸ ಪುಟ್ಟ ಬಟ್ಟಲಿಗೆ ಹಾಕಿಕೊಳ್ಳಬೇಕು, ಮಿಕ್ಕಿದ್ದನ್ನು ಮತ್ತೆ ಬಾಟಲಿಗೆ ಸುರಿಯಬಾರದು. ಕೈಗವಸು ಹಾಕಿದ ಕೈಯಲ್ಲೇ ಫೋನ್ ಮುಟ್ಟಿದರೆ ಗವಸು ಬದಲಾಯಿಸಿ ಅಂತ ಹೇಳು, ಸಂಕೋಚ ಬೇಡ. ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಎಲ್ಲ ರಕ್ತ ತಾಗಿದ ಸೂಜಿಯಿಂದ ಬರಬಹುದು.

ಇನ್ನೊಂದು. ಕಿವಿಯ ಮೇಲ್ಗಡೆ ಚುಚ್ಚಿಸಿಕೊಂಡಾಗ ನಿನಗೆ ಗಂಟು ಕಟ್ಟಿತ್ತು, ಎಷ್ಟು ದಿನವಾದರೂ ಇಳಿಯಲಿಲ್ಲ. ಅದು ಕೀಲಾಯ್ಡ್, ಅಂದರೆ ಗಾಯ ಮಾಯ್ದ ಜಾಗದಲ್ಲಿ ಉಬ್ಬಿ ಬೆಳೆಯುವ ಕಲೆ, ಆಗಿದ್ದರೆ ಹಚ್ಚೆಯೂ ಹಾಗೇ ಉಬ್ಬಿಕೊಳ್ಳಬಹುದು. ಮೊದಲು ಚರ್ಮದ ಡಾಕ್ಟರಿಗೆ ತೋರಿಸು. ಇದೊಂದರಲ್ಲಿ ಮಾತ್ರ ನಾನು ಹಟ ಮಾಡುತ್ತೇನೆ. ರಕ್ತ ಕೊಡೋದಿದ್ದರೆ ಈಗಲೇ ಕೊಟ್ಟುಬಿಡು. ನಮ್ಮಲ್ಲಿ ಹಚ್ಚೆ ಹಾಕಿಸಿಕೊಂಡ ಮೇಲೆ 12 ತಿಂಗಳು ರಕ್ತ ತೆಗೆದುಕೊಳ್ಳುವುದಿಲ್ಲ.

ಹಾಕಿಸಿಕೊಂಡು ಬಂದ ಮೇಲಿನ ದಿನಗಳೇ ಜಾಸ್ತಿ ಕಷ್ಟ. ಅದನ್ನು ನನಗೆ ಯಾರೂ ಹೇಳಿರಲಿಲ್ಲ. ಸೊಂಟ ಅಂದರೆ ಬಟ್ಟೆ ಕಟ್ಟುವ ಜಾಗ ಅಲ್ವಾ? ನಾಲ್ಕನೇ ದಿನ ಒಂದು ಗೃಹಪ್ರವೇಶಕ್ಕೆ ಹೋಗಬೇಕಿತ್ತು. ಲಂಗದ ಲಾಡಿ ಎಂದಿನಂತೆ ಬಿಗಿದು ಕಟ್ಟಿ ಸೀರೆ ಉಟ್ಟೆ. ಊಟಕ್ಕೆ ಕೂತು ಏಳುವಾಗ ಚುರುಕ್ ಅಂತು. ರಾತ್ರಿ ಬಂದು ಬಿಚ್ಚಿದರೆ ಹಕ್ಕಳೆ ಲಾಡಿಗೆ ಅಂಟಿಕೊಂಡು ಕಿತ್ತು ಬಂದಿತ್ತು. ಬಿಳಿ ಲಂಗದ ಮೇಲೆ ಕಡಲೆಕಾಳಿನಷ್ಟು ಕಪ್ಪು ಕಲೆ, ಸುತ್ತ ತಿಳಿ ರಕ್ತ. ಇವತ್ತಿಗೂ ನನ್ನ ಮಲ್ಲಿಗೆಯ ಮೂರನೇ ಹೂವಿಗೆ ಒಂದು ಎಸಳು ಇಲ್ಲ. ಆರು ವಾರ ಕಳೆದ ಮೇಲೆ ಮತ್ತೆ ತುಂಬಿಸಿಕೊಳ್ಳಬಹುದಿತ್ತು. ಯಾರಿಗೂ ಹೇಳದೆ ಮುಚ್ಚಿಟ್ಟವಳು ಎರಡನೇ ಸಲ ಹೋಗೋಕೆ ಏನು ನೆಪ ಹೇಳಲಿ?

ಮೇಲಿನ ಚರ್ಮ ಮಾಯೋಕೆ ಎರಡರಿಂದ ನಾಲ್ಕು ವಾರ ಬೇಕು, ಒಳಗಡೆ ಇನ್ನೂ ಕೆಲವು ತಿಂಗಳು. ಅಷ್ಟು ವಾರ ಜೀನ್ಸ್, ಬೆಲ್ಟ್, ಈಜು ಯಾವುದೂ ಬೇಡ. ಇನ್ನೊಂದು ಮಗ್ಗುಲಿಗೆ ಮಲಗು, ಹಳೇ ಬೆಡ್‌ಶೀಟ್ ಹಾಸಿಕೋ, ಶಾಯಿ ಸೋರುತ್ತದೆ. ಎರಡನೇ ವಾರ ಸಿಪ್ಪೆ ಏಳುವಾಗ ಕೆರೆದುಕೊಂಡೇ ಬಿಡೋಣ ಅನ್ನಿಸುತ್ತದೆ. ಕೆರೆಯಬೇಡ, ಮೆಲ್ಲಗೆ ತಟ್ಟು ಅಷ್ಟೇ. ವಾಸನೆಯಿಲ್ಲದ ಸೋಪು, ಉಗುರುಬೆಚ್ಚಗಿನ ನೀರು, ತೆಳ್ಳಗೆ ಕ್ರೀಮು ಸಾಕು. ಅಜ್ಜಿಗೆ ಹಚ್ಚಿದ ಹಾಗೆ ಅರಿಶಿನ ಮೆತ್ತಿಕೊಳ್ಳಬೇಡ. ಕೆಂಪು ಹರಡುತ್ತಾ ಹೋದರೆ, ಕೀವು ಅಥವಾ ಜ್ವರ ಬಂದರೆ ಅವತ್ತೇ ಡಾಕ್ಟರ ಹತ್ತಿರ ಹೋಗು.

ಮುಂದೆ ಮಗು ಆದರೆ ಸೊಂಟದ ಚರ್ಮ ಹಿಗ್ಗುತ್ತದೆ, ಗೆರೆ ಬೀಳಬಹುದು, ಹಚ್ಚೆಯೂ ಅದರ ಜೊತೆ ಸ್ವಲ್ಪ ಬದಲಾಗುತ್ತದೆ. ಅದನ್ನೂ ಯೋಚಿಸು. ಬೇಡ ಅಂತ ಹೇಳುತ್ತಿಲ್ಲ.

ಪಾರ್ಸೆಲ್ಲಿನಲ್ಲಿ ಚಟ್ನಿಪುಡಿ ಡಬ್ಬಿಯ ಕೆಳಗೆ ಎರಡು ಕಾಟನ್ ನೈಟಿ ಇಟ್ಟಿದ್ದೇನೆ. ಲಾಡಿ ಇಲ್ಲ, ಎಲಾಸ್ಟಿಕ್ ಇಲ್ಲ. ಎರಡು ಸಲ ಒಗೆದು ಗಂಜಿ ಬಿಡಿಸಿದ್ದೇನೆ, ಮೆತ್ತಗಿವೆ. ದಿನ ಗೊತ್ತಾದ ಮೇಲೆ ಹೇಳು, ಹಿಂದಿನ ರಾತ್ರಿಯ ಬಸ್ಸಿಗೆ ಬರುತ್ತೇನೆ. ನನ್ನ ಆ ಎಸಳನ್ನೂ ಅವತ್ತೇ ತುಂಬಿಸಿಕೊಳ್ಳುತ್ತೇನೆ.

ನಿನ್ನ,
ಅಮ್ಮ