ಗಿಲ್ಡ್ ಸೇರೋಕೆ ಮುಂಚೆ ಪುಟ್ಟಂಗೆ ಒಂದು ಪತ್ರ

ಪ್ರೀತಿಯ ಪುಟ್ಟಾ,

ನಿನ್ನ ಮೆಸೇಜ್ ರಾತ್ರಿನೇ ನೋಡ್ದೆ, ಎರಡು ಲೈನಲ್ಲಿ ಮುಗಿಸೋ ವಿಷ್ಯ ಅಲ್ಲ ಅನ್ನಿಸ್ತು, ಅದಕ್ಕೆ ಈಗ ಕೂತ್ಕೊಂಡು ಬರೀತಿದೀನಿ. ಟಾಪ್ ರ‍್ಯಾಂಕ್ ಗಿಲ್ಡ್‌ನಿಂದ (ಗೇಮಲ್ಲಿ ಒಟ್ಟಿಗೆ ಆಡೋರ ಗುಂಪು) ಇನ್ವೈಟ್ ಬಂದಿದೆ, ಇನ್ನೊಂದು ಸಣ್ಣ ಗಿಲ್ಡ್‌ನವರೂ ಕರೀತಿದಾರೆ, ಯಾವುದಕ್ಕೆ ಹೋಗ್ಲಿ ಚಿಕ್ಕಮ್ಮಾ ಅಂತ ಕೇಳಿದೀಯ. ಇಂಥ ಗೇಮ್ ಆಡೋಕೆ ಶುರು ಮಾಡಿ ಆರೇಳು ವರ್ಷ ಆಯ್ತು, ಮೂರು ಗಿಲ್ಡ್ ನೋಡಿದೀನಿ, ಒಂದರಲ್ಲಿ ಎರಡು ವರ್ಷ ಆಫೀಸರ್ ಆಗಿ ಗಿಲ್ಡ್ ನೋಡ್ಕೊಳ್ತಿದ್ದೆ. ನನ್ನ ಮಾತು ಕೇಳೋದಾದ್ರೆ ಸಣ್ಣದಕ್ಕೆ ಹೋಗು.

ನೀನು ಮೊದ್ಲು ಆಡ್ತಿದ್ದ ಗೆನ್‌ಶಿನ್‌ನಲ್ಲಿ ಗಿಲ್ಡೇ ಇಲ್ಲ, ಅದಕ್ಕೆ ಇದೆಲ್ಲ ನಿಂಗೆ ಹೊಸದು. ಅಲ್ಲಿ ಒಂದು ದಿನ ಲಾಗಿನ್ ಆಗ್ಲಿಲ್ಲ ಅಂದ್ರೆ ನಷ್ಟ ನಿಂದು ಮಾತ್ರ, ಯಾರೂ ಕೇಳಲ್ಲ. ಗಿಲ್ಡ್ ಹಾಗಲ್ಲ. ಪ್ರಿನ್ಸೆಸ್ ಕನೆಕ್ಟ್ ಗೇಮ್ ತಗೋ, ಒಂದು ಕ್ಲ್ಯಾನ್‌ಗೆ (ಅಲ್ಲಿ ಗಿಲ್ಡ್‌ಗೆ ಹಾಗಂತಾರೆ) 30 ಜನ, ಎಲ್ಲರೂ ಸೇರಿ ಬಾಸ್ ಅನ್ನೋ ದೊಡ್ಡ ಶತ್ರುಗೆ ಹೊಡೆಯೋ ಕ್ಲ್ಯಾನ್ ಬ್ಯಾಟಲ್ ನಡೆಯೋ ದಿನಗಳಲ್ಲಿ ಒಬ್ಬೊಬ್ಬರಿಗೆ ದಿನಕ್ಕೆ 3 ಹಿಟ್, ಅಂದ್ರೆ ಮೂರು ಸಲ ಹೊಡೆಯೋ ಅವಕಾಶ, ಒಟ್ಟು 90. ನೀನೊಬ್ಬ ನಿದ್ದೆ ಮಾಡ್ಬಿಟ್ರೆ 87. ಆ ಮೂರು ಹಿಟ್ ಯಾರದ್ದು ಅಂತ ಲಿಸ್ಟಲ್ಲಿ ಎಲ್ಲರಿಗೂ ಕಾಣುತ್ತೆ, ಮೊದಲ ಸಲ ಹಾಗಾದಾಗ ಎದೆ ಧಸಕ್ ಅನ್ನುತ್ತೆ. ಟಾಪ್ ಗಿಲ್ಡ್‌ನಲ್ಲಿ ಇದು ಇನ್ನೂ ಬಿಗಿ, ಯಾವ ಟೀಮ್, ಯಾವ ಬಾಸ್, ಎಷ್ಟು ಹೊತ್ತಿಗೆ ಅಂತ ಮೊದ್ಲೇ ಪ್ಲಾನ್ ಆಗಿರುತ್ತೆ, ನಿನ್ನ ಟರ್ನ್ ನೀನು ಕ್ಲಾಸಲ್ಲಿರೋವಾಗ ಬಂದ್ರೂ ಬರುತ್ತೆ. ಅವರದ್ದು ತಪ್ಪು ಅಂತ ನಾನು ಹೇಳ್ತಿಲ್ಲ, ಆ ಥರ ಆಡೋದೇ ಅವರಿಗೆ ಖುಷಿ, ಮೂವತ್ತು ಜನ ಸೇರಿ ಕೊನೇ ನಿಮಿಷದಲ್ಲಿ ಬಾಸ್ ಉರುಳಿಸಿದಾಗ ಆಗೋ ಸಂತೋಷ ನಾನೂ ಅನುಭವಿಸಿದೀನಿ, ಅದು ಸುಳ್ಳಲ್ಲ. ಆದ್ರೆ ಎರಡು ತಿಂಗಳಲ್ಲಿ ಎಕ್ಸಾಮ್ ಇಟ್ಕೊಂಡಿರೋ ಹುಡುಗನಿಗೆ ಆ ಲೆಕ್ಕ ಸರಿಹೋಗಲ್ಲ ಕಣೋ.

ಹೋಗೋ ಮುಂಚೆ ಮೆಂಬರ್ ಲಿಸ್ಟ್ ತೆಗೆದು ನೋಡು. ಹೆಚ್ಚಿನ ಗೇಮ್‌ಗಳಲ್ಲಿ ಪ್ರತಿ ಹೆಸರಿನ ಪಕ್ಕ ಕೊನೇ ಲಾಗಿನ್ ಯಾವಾಗ ಅಂತ ಇರುತ್ತೆ. ಅರ್ಧಕ್ಕರ್ಧ ಜನ ಹತ್ತು ದಿನ ಇಪ್ಪತ್ತು ದಿನ ಹಿಂದೆ ಅಂತ ಇದ್ರೆ ಅದು ಬರೀ ಹೆಸರಿಗೆ ಗಿಲ್ಡ್. ಎಲ್ಲರೂ ಒಂದು ಗಂಟೆ ಒಳಗೆ ಅಂತ ಇದ್ರೆ ಅಲ್ಲಿ ನಿಂಗೆ ಉಸಿರಾಡೋಕೂ ಟೈಮ್ ಸಿಗಲ್ಲ. ಆಮೇಲೆ ಮಾಸ್ಟರ್, ಅಂದ್ರೆ ಗಿಲ್ಡ್ ಲೀಡರ್, ಹತ್ರ ನೇರವಾಗಿ ಕೇಳು, ಎರಡು ದಿನ ಬರೋಕಾಗ್ಲಿಲ್ಲ ಅಂದ್ರೆ ಏನ್ ಮಾಡ್ತೀರಾ ಅಂತ. ಈ ಒಂದು ಪ್ರಶ್ನೆಗೆ ಅವರು ಕೊಡೋ ಉತ್ತರದಲ್ಲೇ ಆ ಗಿಲ್ಡ್ ಎಂಥದ್ದು ಅಂತ ಗೊತ್ತಾಗ್ಬಿಡುತ್ತೆ.

ಇದನ್ನ ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ, ನಾನು ಆಫೀಸರ್ ಆಗಿದ್ದಾಗ ಒಂದು ತಪ್ಪು ಮಾಡ್ದೆ. ಸೀಸನ್‌ನ ಕೊನೇ ರಾತ್ರಿ, ಆಟದ ದಿನ ಮುಗಿಯೋ ರಿಸೆಟ್‌ಗೆ ಹನ್ನೆರಡು ನಿಮಿಷ ಇತ್ತು, ಬಾಸ್‌ಗೆ ಒಂದು ಚೂರು ಎಚ್‌ಪಿ (ಜೀವ) ಉಳಿದಿತ್ತು, ನಮ್ಮೆಲ್ಲರ ಹಿಟ್ ಖಾಲಿ. ಲಿಸ್ಟ್ ನೋಡಿದ್ರೆ ಒಬ್ಬಳ ಹೆಸರಿನ ಮುಂದೆ 0/3 ಅಂತ ಇದೆ, ಎರಡು ದಿನದಿಂದ ಲಾಗಿನ್ನೇ ಇಲ್ಲ. ರಿಸೆಟ್ ಆಯ್ತು, ಬಾಸ್ ಉಳ್ಕೊಂತು, ನಾನು ಸಿಟ್ಟಲ್ಲಿ ಅವಳನ್ನ ಗಿಲ್ಡ್‌ನಿಂದ ಕಿಕ್ ಮಾಡ್ಬಿಟ್ಟೆ. ಹೊಸಬರು ಯಾರೇ ಬಂದ್ರೂ ಮೊದ್ಲು ಮಾತಾಡಿಸ್ತಿದ್ದೋಳು ಅವಳೇ. ಮಾರನೇ ದಿನ ಅವಳಿಂದ ಒಂದು ಸ್ಕ್ರೀನ್‌ಶಾಟ್ ಬಂತು, ಬೇರೆ ಒಂದಕ್ಷರ ಇಲ್ಲ. ನಾಲ್ಕು ದಿನ ಮುಂಚೆ ಗಿಲ್ಡ್ ಚಾಟಲ್ಲಿ ಅವಳೇ ಹಾಕಿದ್ದ ಮೆಸೇಜ್ ಅದು, ಊರಲ್ಲಿರಲ್ಲ, ನೆಟ್ ಸಿಗಲ್ಲ, ಈ ಸಲ ನನ್ನ ಬದಲು ಬೇರೆಯವರನ್ನ ಹಾಕ್ಕೊಳ್ಳಿ ಅಂತ. ಆ ಹೊತ್ತಲ್ಲಿ ಹೊಸ ಬ್ಯಾನರ್ (ಕ್ಯಾರೆಕ್ಟರ್ ಸಿಗೋ ಲಾಟರಿ ಥರದ್ದು) ಬಂದಿತ್ತು, ಎಲ್ರೂ ಪುಲ್ ಹಾಕಿ, ಅಂದ್ರೆ ಆ ಲಾಟರಿ ಎತ್ತಿ, ಸ್ಕ್ರೀನ್‌ಶಾಟ್ ಮೇಲೆ ಸ್ಕ್ರೀನ್‌ಶಾಟ್ ಹಾಕ್ತಿದ್ರು, ಅವಳ ಮೆಸೇಜ್ ಮೇಲೆ ಹೋಗ್ಬಿಟ್ಟಿತ್ತು, ನಾನು ಹಿಂದಕ್ಕೆ ಹೋಗಿ ಓದಿರ್ಲಿಲ್ಲ. ಕ್ಷಮೆ ಕೇಳಿ ಮತ್ತೆ ಇನ್ವೈಟ್ ಕಳ್ಸಿದೆ, ಅವಳು ಒಪ್ಕೊಳ್ಳಲಿಲ್ಲ. ಇವತ್ತಿಗೂ ನಂಗೆ ಅದು ಮನಸ್ಸಲ್ಲಿ ಕೊರೀತಾ ಇದೆ.

ಅದಕ್ಕೆ ನೀನು ರಜೆ ಬೇಕಾದಾಗ ಚಾಟಲ್ಲಿ ಹಾಕಿ ಸುಮ್ನಾಗ್ಬೇಡ, ಮಾಸ್ಟರ್‌ಗೆ ಬೇರೆಯಾಗಿ ಮೆಸೇಜ್ ಮಾಡು, ಅವರು ಸರಿ ಅಂತ ರಿಪ್ಲೈ ಮಾಡೋ ತನಕ ಹೇಳಿದ ಹಾಗೆ ಅಲ್ಲ ಅಂತ ತಿಳ್ಕೋ. ಎಕ್ಸಾಮ್ ವಿಷ್ಯ ಸೇರೋ ದಿನಾನೇ ಹೇಳ್ಬಿಡು. ಹಾಗೇ ಬಾಸ್‌ಗೆ ಹೊಡೆಯೋ ಮುಂಚೆ ನಾನು ಹೋಗ್ತಿದೀನಿ ಅಂತ ಒಂದು ಮಾತು ಹಾಕು, ಸ್ವಲ್ಪ ಎಚ್‌ಪಿ ಇರೋ ಬಾಸ್ ಮೇಲೆ ಇಬ್ಬರು ಒಟ್ಟಿಗೆ ಬೆಸ್ಟ್ ಟೀಮ್ ತಗೊಂಡು ಹೋದ್ರೆ ಒಬ್ಬರ ಹಿಟ್ ದಂಡ.

ಇನ್ನು ದುಡ್ಡಿನ ವಿಷ್ಯ. ಗಿಲ್ಡ್ ಸೇರಿದ ಮೇಲೆ ದುಡ್ಡು ಹಾಕೋ ಆಸೆ ಜಾಸ್ತಿ ಆಗುತ್ತೆ, ಇದು ನಾನು ಕಣ್ಣಾರೆ ಕಂಡಿದ್ದು. ಈ ಕ್ಯಾರೆಕ್ಟರ್ ನಿನ್ನ ಹತ್ರ ಇಲ್ವಾ ಅಂತ ಒಬ್ರು ಕೇಳ್ತಾರೆ, ಪಾಪ ಅವರು ಬೇಕು ಅಂತ ಚುಚ್ಚಿರಲ್ಲ, ಆದ್ರೂ ಕೈ ಟಾಪ್-ಅಪ್ ಕಡೆ ಹೋಗುತ್ತೆ. ಚಾಟಲ್ಲಿ ಅದೃಷ್ಟ ಬಂದೋರು ಮಾತ್ರ ಸ್ಕ್ರೀನ್‌ಶಾಟ್ ಹಾಕ್ತಾರೆ, ಏನೂ ಬರದೇ ಇರೋರು ಸುಮ್ನಿರ್ತಾರೆ, ಹಂಗಾಗಿ ಎಲ್ಲರಿಗೂ ಬರ್ತಿದೆ ನಂಗೊಬ್ಬನಿಗೇ ಬರ್ತಿಲ್ಲ ಅನ್ಸುತ್ತೆ. ಬ್ಯಾನರ್‌ನ ಡೀಟೇಲ್ಸ್ ಒತ್ತಿ, ಕ್ಯಾರೆಕ್ಟರ್ ಸಿಗೋ ಚಾನ್ಸ್ ಎಷ್ಟು ಅಂತ ಇರೋ ರೇಟ್ ಓದು. 2017ರ ಕೊನೆಯಿಂದ ಆಪಲ್ ಆಪ್ ಸ್ಟೋರ್‌ನಲ್ಲಿ ಇದನ್ನ ತೋರಿಸ್ಲೇಬೇಕು ಅಂತ ರೂಲ್ ಇದೆ. ರೇಟ್ 1 ಪರ್ಸೆಂಟ್ ಅಂದ್ರೆ 100 ಪುಲ್‌ಗೆ ಒಂದು ಗ್ಯಾರಂಟಿ ಅಂತಲ್ಲ ಪುಟ್ಟಾ, ಪಿಟಿ, ಅಂದ್ರೆ ಇಷ್ಟು ಪುಲ್ ಆದ್ಮೇಲೆ ಒಂದು ಖಂಡಿತ ಅನ್ನೋ ರೂಲ್, ಇಲ್ಲದೇ ಇದ್ರೆ 100 ಪುಲ್ ಹಾಕಿದ 100 ಜನರಲ್ಲಿ ಸುಮಾರು 37 ಜನಕ್ಕೆ ಒಂದೂ ಸಿಗಲ್ಲ. ಗೆನ್‌ಶಿನ್‌ನಲ್ಲಿ 0.6 ಪರ್ಸೆಂಟ್ ಇದ್ರೂ 90ನೇ ಪುಲ್‌ಗೆ ಒಂದು 5 ಸ್ಟಾರ್ ಗ್ಯಾರಂಟಿ ಇತ್ತು, ಎಲ್ಲ ಗೇಮಲ್ಲೂ ಹಾಗೇ ಇರುತ್ತೆ ಅಂದ್ಕೋಬೇಡ. ನಿನ್ನ ಗೇಮಲ್ಲಿ ಪಿಟಿ ಎಷ್ಟಕ್ಕೆ, ಮುಂದಿನ ಬ್ಯಾನರ್‌ಗೆ ಅದು ಕ್ಯಾರಿ ಆಗುತ್ತಾ ಇಲ್ವಾ ಅಂತ ನೋಡ್ಕೊಂಡು, ಪುಲ್‌ಗೆ ಬೇಕಾದ ಅಷ್ಟು ಜೆಮ್ಸ್ ಕೂಡಿದ ಮೇಲೇ ಪುಲ್ ಹಾಕು. ಈ ತಿಂಗಳು ಇಂಥ ಕ್ಯಾರೆಕ್ಟರ್ ಇರಲೇಬೇಕು ಅನ್ನೋ ಗಿಲ್ಡ್ ಆದ್ರೆ ಮರುಮಾತಿಲ್ಲದೆ ಹೊರಗೆ ಬಾ.

ಪಾಸ್‌ವರ್ಡ್ ಮಾತ್ರ ಯಾರಿಗೂ ಕೊಡ್ಬೇಡ. ನೀನು ಬಿಝಿ ಇದ್ರೆ ನಾವೇ ನಿನ್ನ ಹಿಟ್ ಹಾಕ್ತೀವಿ, ಅಕೌಂಟ್ ಕೊಡು ಅಂತ ಕೇಳೋರು ಇರ್ತಾರೆ, ಒಳ್ಳೆಯವರೇ ಕೇಳ್ಬಹುದು. ಆದ್ರೆ ಅಕೌಂಟ್ ಶೇರ್ ಮಾಡೋದು ಸಾಮಾನ್ಯವಾಗಿ ಗೇಮ್ ರೂಲ್ಸ್‌ಗೇ ವಿರುದ್ಧ, ಬ್ಯಾನ್ ಆದ್ರೆ ನಿನ್ನ ಅಷ್ಟೂ ದಿನದ ಆಟ ಹೋಯ್ತು.

ಮುಂದೆ ಯಾವಾಗಾದ್ರೂ ಗಿಲ್ಡ್ ಬಿಡೋದಾದ್ರೆ ತಕ್ಷಣ ಲೀವ್ ಒತ್ತಬೇಡ. ಸೀಸನ್ ಮಧ್ಯೆ ಬಿಟ್ರೆ ರಿವಾರ್ಡ್ ಹೋಗೋ ಗೇಮ್‌ಗಳಿವೆ, ಬಿಟ್ಟ ಮೇಲೆ ಇಷ್ಟು ಗಂಟೆ ಬೇರೆ ಕಡೆ ಸೇರೋ ಹಾಗಿಲ್ಲ ಅಂತ ಕೂಲ್‌ಡೌನ್ ಕೂಡ ಇರುತ್ತೆ. ರಿವಾರ್ಡ್ ಮೇಲ್‌ಬಾಕ್ಸ್‌ಗೆ ಬರ್ಲಿ, ಮಾಸ್ಟರ್‌ಗೆ ಹೋಗಿಬರ್ತೀನಿ ಅಂತ ಒಂದು ಮಾತು ಹೇಳು, ಆಮೇಲೆ ಹೊರಡು. ಸದ್ಯಕ್ಕೆ ಆ ಸಣ್ಣ ಗಿಲ್ಡ್‌ನವರ ರೂಲ್ಸ್ ಸ್ಕ್ರೀನ್‌ಶಾಟ್ ನಂಗೆ ಕಳ್ಸು, ಇಬ್ಬರೂ ಕೂತು ಓದೋಣ.

ಇಂತಿ,
ನಿನ್ನ ಚಿಕ್ಕಮ್ಮ